ಫೈಲ್ ಯಾರ ಕೈಯಲ್ಲಿದೆ? ಭಾನುವಾರದ ಪ್ರಶ್ನೋತ್ತರ

ಗ್ರೂಪ್ ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ: ಆಫೀಸಿನ ನೆಟ್‌ವರ್ಕ್‌ನಲ್ಲಿ ಯಾರು ಯಾವ ಫೈಲ್ ತೆರೆದಿಟ್ಟಿದ್ದಾರೆ ಅಂತ ಕಮಾಂಡ್ ಹಾಕಿ ನೋಡೋದು, ಬೇಕಾದರೆ ಮುಚ್ಚಿಸೋದು. ಉತ್ತರ ಕೊಡುವವರು ನಮ್ಮ ಸರ್ವರ್ ಭಟ್ರು. ಗ್ರೂಪಿನ ನಿಯಮದಂತೆ ಕಮಾಂಡೂ ಕನ್ನಡ ಅಕ್ಷರದಲ್ಲೇ ಇರುತ್ತದೆ. ಟೈಪ್ ಮಾಡುವಾಗ ಇಂಗ್ಲಿಷಲ್ಲಿ ಮಾಡಿ.

ಪ್ರೆಸ್ ಮಾಲೀಕ: ಭಟ್ರೇ, ಶೇರ್ ಫೋಲ್ಡರಿನಲ್ಲಿರುವ ಲಗ್ನಪತ್ರಿಕೆ ಡಿಸೈನ್ ಒಂದನ್ನು ಅಳಿಸೋಕೆ ಹೋದರೆ ಬೇರೆ ಯಾರೋ ತೆರೆದಿದ್ದಾರೆ ಅನ್ನುತ್ತೆ. ಯಾರು ಅಂತ ಮಾತ್ರ ಹೇಳಲ್ಲ.

ಸರ್ವರ್ ಭಟ್ರು: ಫೋಲ್ಡರ್ ಯಾವ ಕಂಪ್ಯೂಟರಿನಲ್ಲಿದೆಯೋ ಅದರ ಮುಂದೆ ಕೂತುಕೊಳ್ಳಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಓಪನ್‌ಫೈಲ್ಸ್ /ಕ್ವೆರಿ’ ಕೊಡಿ. ಮೊದಲು ಒಂದು ಸಂದೇಶ ಬರುತ್ತೆ, ಲೋಕಲ್ ಫೈಲ್ ನೋಡಬೇಕಾದರೆ ಫ್ಲ್ಯಾಗ್ ಆನ್ ಮಾಡಿ ಅಂತ. ಅದು ಎರರ್ ಅಲ್ಲ, ಬಿಟ್ಟುಬಿಡಿ. ಆನ್ ಮಾಡಿದರೆ ರೀಸ್ಟಾರ್ಟ್ ಬೇಕು, ಮಷಿನ್ನೂ ನಿಧಾನವಾಗುತ್ತೆ. ಅದರ ಕೆಳಗಿನ ಪಟ್ಟಿ ನಿಮಗೆ ಬೇಕಾದ್ದು: ಐಡಿ ನಂಬರ್, ಯಾರು, ಯಾವ ಫೈಲ್. ‘ನೆಟ್ ಫೈಲ್’ ಅಂತ ಕೊಟ್ಟರೂ ಹತ್ತಿರ ಹತ್ತಿರ ಇದೇ ಬರುತ್ತೆ.

ಹೊಸ ಸದಸ್ಯ: ಸರ್, ಆಕ್ಸೆಸ್ ಡಿನೈಡ್ ಬರ್ತಿದೆ.

ಸರ್ವರ್ ಭಟ್ರು: ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ.

ಪ್ರೆಸ್ ಮಾಲೀಕ: ನೋಡಿದೆ. ನಮ್ಮ ಡಿಸೈನರ್ ಹುಡುಗನ ಹೆಸರಿದೆ. ಅವನು ಫೈಲ್ ತೆರೆದೇ ಇಲ್ಲ ಅಂತ ಆಣೆ ಇಡ್ತಿದ್ದಾನೆ.

ಸರ್ವರ್ ಭಟ್ರು: ಅವನ ಪರದೆಯಲ್ಲಿ ಆ ಫೋಲ್ಡರ್ ತೆರೆದಿದೆಯಾ, ಬಲಗಡೆ ಪ್ರಿವ್ಯೂ ಕಾಣ್ತಿದೆಯಾ ನೋಡಿ. ಪ್ರಿವ್ಯೂ ಪೇನ್ ಕೂಡ ಫೈಲ್ ಹಿಡಿದುಕೊಳ್ಳುತ್ತೆ. ಹುಡುಗನನ್ನು ಬೈಯಬೇಡಿ.

ಮ್ಯಾಕ್ ಬಳಸುವವನು: ಮ್ಯಾಕ್‌ನಲ್ಲಿ ಇದನ್ನು ಹೇಗೆ ನೋಡೋದು ಸರ್?

ಮಂಡಿ ಗುಮಾಸ್ತ: ನಮ್ಮದು ಅಡಿಕೆ ಮಂಡಿ. ದಿನದ ರೇಟು, ತೂಕ ಎಲ್ಲ ಒಂದೇ ಎಕ್ಸೆಲ್ ಫೈಲಿನಲ್ಲಿದೆ. ಒಂದು ವಾರದಿಂದ ಬೆಳಿಗ್ಗೆ ತೆರೆದರೆ ಲಾಕ್ ಆಗಿದೆ ಅಂತ ಹಳೇ ಮ್ಯಾನೇಜರ್ ಹೆಸರು ತೋರಿಸುತ್ತೆ. ಅವರು ರಿಟೈರ್ ಆಗಿ ಮೂರು ವರ್ಷ ಆಯ್ತು. ಓಪನ್‌ಫೈಲ್ಸ್‌ನಲ್ಲಿ ನೋಡಿದರೆ ಅವರ ಹೆಸರೇ ಇಲ್ಲ, ಎಲ್ಲದರ ಮುಂದೆ ‘ಆಫೀಸ್’ ಅಂತಿದೆ.

ಟೆಕ್ ಟಿಪ್ಸ್ ಅಣ್ಣ: ಅಮಾವಾಸ್ಯೆ ಹತ್ತಿರ ಬಂತು, ಒಂದು ತೆಂಗಿನಕಾಯಿ ಒಡೆಸಿ 😀

ಸರ್ವರ್ ಭಟ್ರು: ಇದು ಚೆನ್ನಾಗಿದೆ. ಎರಡು ಗಂಟು ಇದೆ, ಒಂದೊಂದಾಗಿ ಬಿಚ್ಚೋಣ.

ಎಕ್ಸೆಲ್ ತೋರಿಸುವ ಹೆಸರು ವಿಂಡೋಸ್ ಲಾಗಿನ್ ಹೆಸರಲ್ಲ. ಫೈಲ್ ತೆರೆದ ಕೂಡಲೇ ಅದೇ ಫೋಲ್ಡರಿನಲ್ಲಿ ಒಂದು ಪುಟ್ಟ ಅಡಗಿದ ಫೈಲ್ ಹುಟ್ಟುತ್ತೆ. ಅದರ ಹೆಸರಿನ ಮುಂದೆ ಅಲೆಯಂಥ ಗೆರೆ, ಡಾಲರ್ ಚಿಹ್ನೆ ಇರುತ್ತೆ. ತೆರೆದವರ ಹೆಸರು ಅದರೊಳಗೆ ಬರೆದಿರುತ್ತೆ, ಆ ಹೆಸರು ಬರುವುದು ಎಕ್ಸೆಲ್ ಆಪ್ಷನ್ಸ್‌ನ ಯೂಸರ್ ನೇಮ್‌ನಿಂದ. ಅಂದರೆ ನಿಮ್ಮ ಯಾವುದೋ ಕಂಪ್ಯೂಟರಿನಲ್ಲಿ ಹಳೇ ಮ್ಯಾನೇಜರ ಹೆಸರು ಹಾಗೇ ಉಳಿದಿದೆ. ಹೆಸರು ಅವರದು, ಕೂತಿರೋದು ಬೇರೆಯವರು.

ಎರಡನೆಯದು ಆ ‘ಆಫೀಸ್’. ನೀವೆಲ್ಲ ಒಂದೇ ಯೂಸರ್, ಒಂದೇ ಪಾಸ್‌ವರ್ಡ್‌ನಲ್ಲಿ ಶೇರ್‌ಗೆ ಹೋಗ್ತಿದ್ದೀರಿ ಅಲ್ವಾ? ಹಾಗಿದ್ದರೆ ಯೂಸರ್ ಹೆಸರು ನೋಡಿ ಏನೂ ಗೊತ್ತಾಗಲ್ಲ. ಸರ್ವರ್‌ನಲ್ಲಿ, ಅಂದರೆ ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ, ಪವರ್‌ಶೆಲ್ ತೆರೆಯಿರಿ, ಅದೂ ಅಡ್ಮಿನಿಸ್ಟ್ರೇಟರ್ ಆಗಿ. ‘ಗೆಟ್-ಎಸ್‌ಎಂಬಿಓಪನ್‌ಫೈಲ್’ ಕೊಟ್ಟು ‘ಕ್ಲೈಂಟ್‌ಕಂಪ್ಯೂಟರ್‌ನೇಮ್’ ಅನ್ನೋ ಕಾಲಂ ನೋಡಿ. ಸಾಮಾನ್ಯವಾಗಿ ಅಲ್ಲಿ ಐಪಿ ವಿಳಾಸ ಇರುತ್ತೆ. ಆ ಐಪಿ ಯಾವ ಮಷಿನ್ನಿನದು ಅಂತ ಗೊತ್ತಿಲ್ಲದಿದ್ದರೆ ‘ಪಿಂಗ್ -ಎ’ ಹಾಕಿ ಮುಂದೆ ಆ ಐಪಿ ಕೊಡಿ. ಸಿಕ್ಕ ಮೇಲೆ ದೂರದಿಂದ ಮುಚ್ಚಬೇಡಿ. ಎದ್ದು ಹೋಗಿ ನೋಡಿ. ನಮಗೆ ಎಂಟೇ ಹೆಜ್ಜೆ ದೂರ, ಅಲ್ಲಿ ಒಬ್ಬರ ಅರ್ಧ ದಿನದ ಕೆಲಸ ಸೇವ್ ಆಗದೆ ಕೂತಿರಬಹುದು.

ಟೆಕ್ ಟಿಪ್ಸ್ ಅಣ್ಣ: ಫಾರ್ವರ್ಡ್ ಆಗಿ ಬಂದದ್ದು: «ನೆಟ್‌ವರ್ಕ್ ಫೈಲ್ ತೊಂದರೆಗೆ ಒಂದೇ ಮದ್ದು! ವಿಂಡೋಸ್ ಫೀಚರ್ಸ್‌ಗೆ ಹೋಗಿ ಎಸ್‌ಎಂಬಿ 1 ಆನ್ ಮಾಡಿ. ನೂರಕ್ಕೆ ನೂರು ಕೆಲಸ ಮಾಡುತ್ತೆ. ಹತ್ತು ಗ್ರೂಪಿಗೆ ಕಳಿಸಿ.»

ಸರ್ವರ್ ಭಟ್ರು: ದಯವಿಟ್ಟು ಮಾಡಬೇಡಿ. ಎಸ್‌ಎಂಬಿ ಅಂದರೆ ವಿಂಡೋಸ್ ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ವಿಧಾನ, 1 ಅದರ ಹಳೇ ಆವೃತ್ತಿ. 2017ರ ಮೇ ತಿಂಗಳಲ್ಲಿ ಫೈಲಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಜಗತ್ತಿಡೀ ಓಡಾಡಿದ್ದು ಇದೇ ಎಸ್‌ಎಂಬಿ 1ರ ತೂತಿನಿಂದ. ತೇಪೆ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ, ಹೊಸದಾಗಿ ಹಾಕುವಾಗ ಅದು ತಾನಾಗಿ ಬರುವುದನ್ನು ಬಹುಮಟ್ಟಿಗೆ ನಿಲ್ಲಿಸಿದರು. ಲಾಕ್ ಆದ ಫೈಲಿಗೂ ಇದಕ್ಕೂ ಸಂಬಂಧ ಇಲ್ಲ.

ಟೆಕ್ ಟಿಪ್ಸ್ ಅಣ್ಣ: ನನಗೆ ಬಂದಿದ್ದನ್ನು ಹಾಕಿದೆ ಅಷ್ಟೇ.

ಲ್ಯಾಬ್ ಮೇಡಂ: ನಮ್ಮದು ಲಿನಕ್ಸ್ ಲ್ಯಾಬ್, ವಿದ್ಯಾರ್ಥಿಗಳ ಹೋಮ್ ಫೋಲ್ಡರ್ ಎನ್‌ಎಫ್‌ಎಸ್ ಮೇಲಿದೆ, ಅಂದರೆ ನೆಟ್‌ವರ್ಕ್ ಮೂಲಕ ಸರ್ವರ್‌ನಲ್ಲಿ. ಫೈಲ್ ಅಳಿಸಿದರೆ ‘.ಎನ್‌ಎಫ್‌ಎಸ್’ ಅಂತ ಶುರುವಾಗುವ ಉದ್ದ ಹೆಸರಿನ ಫೈಲ್ ಬರುತ್ತೆ. ಅದನ್ನೂ ಅಳಿಸಿದರೆ ಮತ್ತೆ ಇನ್ನೊಂದು.

ಸರ್ವರ್ ಭಟ್ರು: ಯಾವುದೋ ಪ್ರೋಗ್ರಾಂ ಆ ಫೈಲನ್ನು ಇನ್ನೂ ತೆರೆದಿಟ್ಟಿದೆ ಮೇಡಂ. ಅದಕ್ಕೇ ಕ್ಲೈಂಟ್, ಅಂದರೆ ವಿದ್ಯಾರ್ಥಿಯ ಮಷಿನ್, ಅದನ್ನು ಅಳಿಸದೆ ಹೆಸರು ಬದಲಿಸಿ ಇಟ್ಟಿದೆ. ಪ್ರೋಗ್ರಾಂ ಮುಚ್ಚಿದರೆ ತಾನಾಗಿ ಹೋಗುತ್ತೆ. ‘ಎಲ್‌ಎಸ್‌ಓಎಫ್’ ಅಥವಾ ‘ಫ್ಯೂಸರ್ -ವಿ’ ಹಾಕಿ ಹುಡುಕಿ. ಆದರೆ ವಿದ್ಯಾರ್ಥಿ ಕೂತ ಮಷಿನ್ನಿನಲ್ಲಿ ಹಾಕಿ. ಸರ್ವರ್‌ನಲ್ಲಿ ಹಾಕಿದರೆ ಏನೂ ಕಾಣಲ್ಲ. ‘ಫ್ಯೂಸರ್ -ಕೆ’ ಮಾತ್ರ ಹಾಕಬೇಡಿ, ಅದು ನೋಡುವುದಲ್ಲ, ಕೊಲ್ಲುವುದು.

ಲ್ಯಾಬ್ ಮೇಡಂ: ಸಿಕ್ತು, ಒಬ್ಬ ಎಡಿಟರ್ ಹಾಗೇ ಬಿಟ್ಟು ಊಟಕ್ಕೆ ಹೋಗಿದ್ದಾನೆ. ಥ್ಯಾಂಕ್ಸ್.

ಕ್ಲೌಡ್ ಪ್ರಿಯ: ಇಷ್ಟೆಲ್ಲ ಯಾಕೆ? ಎಲ್ಲವನ್ನೂ ಕ್ಲೌಡ್‌ಗೆ ಹಾಕಿ, ಹತ್ತು ಜನ ಒಟ್ಟಿಗೆ ಬರೆಯಬಹುದು.

ಪ್ರೆಸ್ ಮಾಲೀಕ: ನಮ್ಮೂರಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ಎರಡು ದಿನ ನೆಟ್ ಇರಲ್ಲ ಸ್ವಾಮಿ. ಬೆಂಗಳೂರಲ್ಲಿ ಕೂತು ಹೇಳೋದು ಸುಲಭ.

ಕ್ಲೌಡ್ ಪ್ರಿಯ: ನಾನೂ ತೀರ್ಥಹಳ್ಳಿ ಕಡೆಯವನೇ. ಮರ ಬೀಳೋದು ನನಗೆ ಹೇಳಿಕೊಡಬೇಡಿ.

ಪ್ರೆಸ್ ಮಾಲೀಕ: ಹಾಗಾದರೆ ಎರಡು ಜಿಬಿ ಫೈಲ್ ಅಲ್ಲಿಂದ ಅಪ್‌ಲೋಡ್ ಮಾಡಿ ತೋರಿಸಿ.

ಗ್ರೂಪ್ ಅಡ್ಮಿನ್: ವಿಷಯಕ್ಕೆ ಬನ್ನಿ.

ಸೊಸೈಟಿ ಕ್ಯಾಷಿಯರ್: ಭಟ್ರೇ, ಸ್ವಲ್ಪ ಅರ್ಜೆಂಟು. ಹೋದ ತಿಂಗಳು ಯಾವುದೋ ಗ್ರೂಪಿನಲ್ಲಿ ಬಂದ ಬ್ಯಾಚ್ ಫೈಲನ್ನು (ಕಮಾಂಡ್‌ಗಳ ಪಟ್ಟಿ) ಹೊತ್ತಿಗೆ ಸರಿಯಾಗಿ ತಾನಾಗಿ ಓಡಿಸೋ ಟಾಸ್ಕ್ ಶೆಡ್ಯೂಲರಿಗೆ ಹಾಕಿದ್ದೆ. ಸಂಜೆ ಆರಕ್ಕೆ ಎಲ್ಲರ ಫೈಲ್ ತಾನಾಗಿ ಮುಚ್ಚುತ್ತೆ ಅಂತ. ಒಳಗೆ ‘ನೆಟ್ ಸೆಷನ್ /ಡಿಲೀಟ್ /ವೈ’ ಅಂತಿದೆ. ನಿನ್ನೆ ಸಂಜೆಯಿಂದ ಲೆಕ್ಕದ ಸಾಫ್ಟ್‌ವೇರ್ ಡೇಟಾ ಎರರ್ ಕೊಡ್ತಿದೆ. ರಿಪೇರಿ ಬಟನ್ ಇದೆ, ಒತ್ತಲಾ?

ಸರ್ವರ್ ಭಟ್ರು: ಒತ್ತಬೇಡಿ. ಮೊದಲು ಕೈ ತೆಗೆಯಿರಿ.

ಆ ಸಾಲಿನಲ್ಲಿ ಕಂಪ್ಯೂಟರಿನ ಹೆಸರೇ ಇಲ್ಲ ನೋಡಿ. ಹೆಸರಿಲ್ಲದಿದ್ದರೆ ಒಬ್ಬರದ್ದಲ್ಲ, ಎಲ್ಲರ ಸಂಪರ್ಕವೂ ಕಡಿಯುತ್ತೆ. ಫೈಲ್ ತೆರೆದಿದೆ, ಮುಂದುವರಿಯಲಾ ಅಂತ ವಿಂಡೋಸ್ ಕೇಳುತ್ತೆ. ಆ ‘ವೈ’ ಅನ್ನೋದು ಕೇಳುವ ಮೊದಲೇ ಹೂಂ ಅಂದುಬಿಡುತ್ತೆ. ಸರ್ವರ್ ಕಡೆಯಿಂದ ಕಡಿದರೆ ಆಚೆ ಇರುವ ಸಾಫ್ಟ್‌ವೇರಿಗೆ ಸೇವ್ ಮಾಡಿಕೋ ಅಂತ ಯಾರೂ ಹೇಳಲ್ಲ. ಆರು ಗಂಟೆಗೆ ಯಾರಾದರೂ ರಸೀದಿ ಹಾಕ್ತಿದ್ದರೆ ಖಾತೆಯಲ್ಲಿ ಅರ್ಧ ಬರೆದಿದೆ, ಸೂಚಿಯಲ್ಲಿ ಬರೆದಿಲ್ಲ, ಆ ಥರ ಆಗುತ್ತೆ. ಇಷ್ಟು ದಿನ ನಡೆದದ್ದು ಅದೃಷ್ಟ.

ಈಗ ಆ ಟಾಸ್ಕನ್ನು ನಿಲ್ಲಿಸಿ. ಎಲ್ಲರಿಗೂ ಸಾಫ್ಟ್‌ವೇರ್ ಮುಚ್ಚಲು ಹೇಳಿ. ಡೇಟಾ ಫೋಲ್ಡರ್ ಕೆಟ್ಟಿದ್ದರೂ ಸರಿ, ಇದ್ದ ಹಾಗೇ ಪೂರ್ತಿ ಬೇರೆ ಡಿಸ್ಕಿಗೆ ಕಾಪಿ ಮಾಡಿ. ರಿಪೇರಿ ಏನಿದ್ದರೂ ಆ ಕಾಪಿಯ ಮೇಲೆ. ಆಮೇಲೆ ಹಳೇ ಬ್ಯಾಕಪ್ ಅನ್ನು ಹೊಸ ಫೋಲ್ಡರಿಗೆ ತೆಗೆದು, ಯಾವ ದಿನದವರೆಗೆ ಸರಿಯಿದೆ ಅಂತ ರಸೀದಿ ಪುಸ್ತಕ ಪಕ್ಕಕ್ಕಿಟ್ಟು ತಾಳೆ ನೋಡಿ. ಬ್ಯಾಕಪ್ ಎಷ್ಟು ಗಂಟೆಗೆ ಆಗುತ್ತೆ?

ಸೊಸೈಟಿ ಕ್ಯಾಷಿಯರ್: ಆರೂವರೆಗೆ.

ಸರ್ವರ್ ಭಟ್ರು: ಅಯ್ಯೋ. ಹಾಗಿದ್ದರೆ ನಿನ್ನೆಯದು ಕೆಟ್ಟ ಡೇಟಾದ ಬ್ಯಾಕಪ್. ಅದರ ಹಿಂದಿನ ದಿನದಿಂದ ನೋಡುತ್ತಾ ಹೋಗಿ. ನಂಬರ್ ಗೊತ್ತಲ್ಲ, ಕಾಲ್ ಮಾಡಿ.

ಹೊಸ ಸದಸ್ಯ: ಸರ್, ನನಗೂ ಆಕ್ಸೆಸ್ ಡಿನೈಡ್.

ಸರ್ವರ್ ಭಟ್ರು: ಮೇಲೆ ಓದಿ.

ಟೆಕ್ ಟಿಪ್ಸ್ ಅಣ್ಣ: ಆ ಬ್ಯಾಚ್ ಫೈಲ್ ನಾನೂ ನಾಲ್ಕು ಕಡೆ ಕಳಿಸಿದ್ದೆ. ಯಾರಿಗೂ ಏನೂ ಆಗಿಲ್ಲ.

ಸರ್ವರ್ ಭಟ್ರು: ನಾಲ್ಕೂ ಕಡೆ ಫೋನ್ ಮಾಡಿ ತೆಗೆಸಿ. ಇಲ್ಲಿ ವಾದ ಬೇಡ.

ಟೆಕ್ ಟಿಪ್ಸ್ ಅಣ್ಣ: ಸಹಾಯ ಮಾಡೋಕೆ ಬಂದರೆ ಬೈಸಿಕೊಳ್ಳಬೇಕು.

ಕ್ಲೌಡ್ ಪ್ರಿಯ: ಅದಕ್ಕೇ ಹೇಳಿದ್ದು, ಕ್ಲೌಡ್.

ಪ್ರೆಸ್ ಮಾಲೀಕ: ಸುಮ್ನಿರಿ ಮಾರಾಯ್ರೆ, ಅವರ ಲೆಕ್ಕ ಹೋಗಿದೆ.

ಮ್ಯಾಕ್ ಬಳಸುವವನು: ಮ್ಯಾಕ್ ಬಗ್ಗೆ ಕೇಳಿದ್ದೆ.

ಮಂಡಿ ಗುಮಾಸ್ತ: ಭಟ್ರೇ ಸಿಕ್ತು! ಐಪಿ ಹಿಡಿದು ಹೋದರೆ ಹಿಂದಿನ ಗೋದಾಮಿನ ತೂಕದ ಕಂಪ್ಯೂಟರ್. ಮೊದಲು ಮ್ಯಾನೇಜರ್ ಟೇಬಲ್ ಮೇಲಿದ್ದದ್ದೇ ಅದು. ಹೋದ ವಾರ ಅಲ್ಲಿಗೆ ಹೊಸ ಹುಡುಗ ಬಂದಿದ್ದಾನೆ, ರೇಟು ನೋಡಲು ಫೈಲ್ ತೆರೆದು ಮಾನಿಟರ್ ಮಾತ್ರ ಆಫ್ ಮಾಡಿ ಮನೆಗೆ ಹೋಗ್ತಾನೆ. ಮಾನಿಟರ್ ಹಾಕಿದರೆ ನಮ್ಮ ಫೈಲ್ ತೆರೆದೇ ಕೂತಿತ್ತು, ಕೀಬೋರ್ಡ್ ಮೇಲೆ ಅಡಿಕೆ ಸಿಪ್ಪೆ ಬೇರೆ.

ಸರ್ವರ್ ಭಟ್ರು: ಆಪ್ಷನ್ಸ್‌ನಲ್ಲಿ ಹೆಸರು ಬದಲಿಸಿ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಮಾಡಿ. ನಾನು ಸೊಸೈಟಿಯವರ ಜೊತೆ ಫೋನಿನಲ್ಲಿದ್ದೇನೆ, ಇವತ್ತಿಗೆ ಇಷ್ಟೇ.

ಹೊಸ ಸದಸ್ಯ: ಸರ್, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯೋದು ಅಂದರೆ ಎಲ್ಲಿ ಒತ್ತಬೇಕು?

ಪ್ರೆಸ್ ಮಾಲೀಕ: ಸ್ಟಾರ್ಟ್‌ನಲ್ಲಿ ಸಿಎಂಡಿ ಅಂತ ಹುಡುಕಿ, ರೈಟ್ ಕ್ಲಿಕ್ ಮಾಡಿ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್. ಭಟ್ರು ಹೋದರು.