ನಕ್ಷತ್ರದ ಸಕ್ಕರೆ ಕ್ಯೂಬ್: ನಿಂಬೆಯದು ಮಾತ್ರ ಯಾಕೆ ಅಂಟುತ್ತದೆ?

ಸಿಹಿಚಮಚ:
ಹಬ್ಬಕ್ಕೆ ಬರುವವರಿಗೆ ಟೀ ಜೊತೆ ಇಡೋಣ ಅಂತ ಮನೆಯಲ್ಲೇ ಸಕ್ಕರೆ ಕ್ಯೂಬ್ ಮಾಡುತ್ತಿದ್ದೇನೆ. ನಕ್ಷತ್ರ, ಎಲೆ, ಹೃದಯದ ಆಕಾರದ ಸಿಲಿಕೋನ್ ಅಚ್ಚು ಇದೆ. ರೋಸ್ ವಾಟರ್ ಹಾಕಿದ್ದು ಗಟ್ಟಿಯಾಗಿ ಬಂತು. ನಿಂಬೆರಸ ಹಾಕಿದ್ದು ರಾತ್ರಿಯಿಡೀ ಒಣಗಿದರೂ ಬೆರಳಿಗೆ ಅಂಟುತ್ತದೆ. ಅಳತೆ ಎರಡಕ್ಕೂ ಒಂದೇ, ಒಂದು ಕಪ್ ಸಕ್ಕರೆಗೆ ಎರಡು ಟೀ ಚಮಚ. ಜೊತೆಗೆ ನಕ್ಷತ್ರದ ತುದಿಗಳು ಅಚ್ಚಿನಿಂದ ತೆಗೆಯುವಾಗ ಮುರಿಯುತ್ತವೆ. ಏನು ಮಾಡಲಿ?

ಒಲೆಮುಂದೆ:
ಅಳತೆ ಸರಿಯಾಗಿಯೇ ಇದೆ. ತಂಟೆ ಹುಳಿಯದ್ದು. ಹುಳಿ ಸೇರಿದರೆ ಸಕ್ಕರೆ ಸ್ವಲ್ಪ ಸ್ವಲ್ಪವೇ ಗ್ಲೂಕೋಸ್, ಫ್ರಕ್ಟೋಸ್ ಅನ್ನುವ ಎರಡು ಸರಳ ಸಕ್ಕರೆಗಳಾಗಿ ಒಡೆಯುತ್ತದೆ. ಬಿಸಿ ಮಾಡಿದರೆ ಇನ್ನೂ ಬೇಗ. ಫ್ರಕ್ಟೋಸ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಅದಕ್ಕೇ ಆ ಅಂಟು. ಜೇನು ಹಾಕಿದರೂ ಇದೇ ಕಥೆ.

ರಸ ಬಿಡಿ, ಸಿಪ್ಪೆ ಹಿಡಿಯಿರಿ. ಮೇಲಿನ ಬಣ್ಣದ ಪದರ ಮಾತ್ರ ತುರಿಯಿರಿ, ಒಳಗಿನ ಬಿಳಿ ಕಹಿ. ತುರಿಯನ್ನು ಸಕ್ಕರೆಗೆ ಹಾಕಿ ಬೆರಳ ತುದಿಯಲ್ಲಿ ಚೆನ್ನಾಗಿ ಉಜ್ಜಿ. ಸಿಪ್ಪೆಯ ಎಣ್ಣೆ ಸಕ್ಕರೆಗೆ ಹತ್ತಿ ಕೈಯೆಲ್ಲ ಘಮ ಅನ್ನುತ್ತದೆ. ಆಮೇಲೆ ಬರೀ ನೀರು, ಅದೂ ಹನಿ ಹನಿಯಾಗಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಒದ್ದೆ ಮರಳಿನ ಹಾಗೆ ಆಕಾರ ನಿಲ್ಲಬೇಕು, ಅಂಗೈ ಮಾತ್ರ ಒದ್ದೆಯಾಗಬಾರದು.

ಗಟ್ಟಿಯಾಗಲಿ ಅಂತ ನೀರು ಜಾಸ್ತಿ ಹಾಕುವವರಿದ್ದಾರೆ, ಅದು ತಪ್ಪು ಲೆಕ್ಕ. ನೀರು ಹರಳುಗಳ ಹೊರಮೈಯನ್ನಷ್ಟೇ ಕರಗಿಸಬೇಕು. ಒಣಗಿದಾಗ ಆ ಕರಗಿದ್ದು ಮತ್ತೆ ಹರಳುಗಟ್ಟಿ ಪಕ್ಕದ್ದನ್ನು ಹಿಡಿದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಪಾಕವಾಗಿ ಕಲ್ಲಿನಂತಾಗುತ್ತದೆ, ಟೀಯಲ್ಲಿ ಬೇಗ ಕರಗುವುದೇ ಇಲ್ಲ.

ನಕ್ಷತ್ರದ ತುದಿಗಳ ವಿಷಯಕ್ಕೆ ಬಂದರೆ, ಮೊದಲು ಮೂಲೆಗಳಿಗೆ ಚಿಟಿಕೆ ಚಿಟಿಕೆ ತುಂಬಿ ಒತ್ತಿ, ಆಮೇಲೆ ನಡು ತುಂಬಿ. ಸಣ್ಣ ಹರಳಿನ ಸಕ್ಕರೆ ಇದ್ದರೆ ಒಳ್ಳೆಯದು. ಪೂರ್ತಿ ಒಣಗುವ ತನಕ ಅಚ್ಚಿನ ಹತ್ತಿರ ಹೋಗಬೇಡಿ. ತೆಗೆಯುವಾಗ ಅಂಚನ್ನು ಸುತ್ತ ಸಡಿಲ ಮಾಡಿ, ಹಿಂದಿನಿಂದ ತಳ್ಳಿ. ನಕ್ಷತ್ರವನ್ನು ಎಳೆದು ತೆಗೆಯಬಾರದು. ನಿಜ ಹೇಳಬೇಕೆಂದರೆ ಚೂಪು ತುದಿಯ ಅಚ್ಚು ನೋಡಲು ಚೆಂದ, ಕೆಲಸಕ್ಕೆ ಎಲೆ, ಹೃದಯವೇ ವಾಸಿ.

ಚಹಾಪ್ರಿಯ:
ಪುಡಿ ಸಕ್ಕರೆ ಆಗಲ್ವಾ? ಇನ್ನೂ ನುಣುಪಾಗಿ ಬರಬಹುದು ಅಲ್ವಾ?

ಒಲೆಮುಂದೆ:
ಅಂಗಡಿಯ ಐಸಿಂಗ್ ಸಕ್ಕರೆಯಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ ಇರುತ್ತದೆ, ಟೀ ಮಬ್ಬಾಗುತ್ತದೆ. ಸುಮ್ನೆ ಮಾಮೂಲಿ ಸಕ್ಕರೆಯನ್ನೇ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ಸಾಕು.

ಮಳೆಬಿಲ್ಲು:
ಹೊರಗೆ ತೇವ ಇದ್ದರೆ ಓವನ್ ಬಳಸಿ. 90ರಿಂದ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಅರ್ಧ ಗಂಟೆ, ಆಮೇಲೆ ಪೂರ್ತಿ ಆರಲಿ. ಅಷ್ಟು ಬಿಸಿಗೆ ಸಕ್ಕರೆ ಕೆಂಪಾಗುವುದಿಲ್ಲ. ಸಿಲಿಕೋನ್ ಆದರೆ ಸರಿ, ಪ್ಲಾಸ್ಟಿಕ್ ಅಚ್ಚು ಬೇಡ.

ಅಂದಹಾಗೆ, ಸಕ್ಕರೆ ಕ್ಯೂಬ್ ಶುರುವಾಗಿದ್ದೂ ಒತ್ತುವ ಅಚ್ಚಿನಿಂದಲೇ. ಈಗಿನ ಚೆಕ್ ದೇಶದಲ್ಲಿರುವ ಮೊರಾವಿಯಾದ ದಾಚಿತ್ಸೆ ಊರಿನ ಸಕ್ಕರೆ ಕಾರ್ಖಾನೆ ನೋಡಿಕೊಳ್ಳುತ್ತಿದ್ದ ಯಾಕುಬ್ ಕ್ರಿಷ್ಟೋಫ್ ರಾಡ್ 1843ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಆಗ ಸಕ್ಕರೆ ಗೋಪುರದ ಆಕಾರದ ದೊಡ್ಡ ಗಟ್ಟಿಯಾಗಿ ಬರುತ್ತಿತ್ತು, ಅದನ್ನು ಒಡೆಯುವಾಗ ಅವನ ಹೆಂಡತಿಯ ಬೆರಳಿಗೆ ಗಾಯವಾಯಿತು, ಅದೇ ಕಾರಣ ಅಂತ ಕಥೆ ಹೇಳುತ್ತಾರೆ.

ಸಿಹಿಚಮಚ:
ಸಿಪ್ಪೆ ತುರಿದು ಮಾಡುತ್ತೇನೆ. ಏಲಕ್ಕಿ, ಕೇಸರಿ ಹೇಗೆ ಸೇರಿಸುವುದು? ಅಂಟುವ ನಿಂಬೆ ಕ್ಯೂಬ್ ಬಿಸಾಡಬೇಕಾ?

ಒಲೆಮುಂದೆ:
ಏಲಕ್ಕಿ ಪುಡಿಯನ್ನು ಸಣ್ಣ ಜರಡಿಯಲ್ಲಿ ಹಿಡಿದು ಒಣ ಸಕ್ಕರೆಗೇ ಬೆರೆಸಿ, ಇಲ್ಲದಿದ್ದರೆ ಟೀ ತಳದಲ್ಲಿ ಗಸಿ. ಕೇಸರಿಯನ್ನು ಅದೇ ಎರಡು ಚಮಚ ನೀರಲ್ಲಿ ನೆನೆಸಿ, ಬೇರೆ ನೀರು ಸೇರಿಸಬೇಡಿ. ಮಾಡಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ಇಡಿ, ಫ್ರಿಜ್ ಬೇಡ.

ಅಂಟುವವನ್ನು ಬಿಸಾಡುವುದೇಕೆ? ತಣ್ಣೀರಿಗೆ ಹಾಕಿ ಕಲಕಿದರೆ ಶರಬತ್ತು ಸಿದ್ಧ.