ರೋಹು–ಮೃಗಾಲ್ ಗುರುತು ಹಿಡಿಯೋದು ಹ್ಯಾಂಗ? ಮರಳ ಮರಿಗಳದ್ದೂ ಗೊಂದಲ

ಭೀಮಾತೀರ, ಪಿಂಪ್ರಿ

ನಮಸ್ಕಾರರೀ. ಉಜನಿ ಹಿನ್ನೀರು, ಪಾನಶೆತ್, ಖಡಕವಾಸಲಾ ಕಡೆ ಗಾಳ ಹಾಕೋರು ಸ್ವಲ್ಪ ಬಿಡಿಸಿ ಹೇಳ್ರಿ. ಅರ್ಧ ಕಿಲೋದಿಂದ ಒಂದು ಕಿಲೋ ಒಳಗಿನ ರೋಹು, ಮೃಗಾಲ್ ಎರಡೂ ಒಂದೇ ಥರ ಕಾಣ್ತಾವ. ರೆಕ್ಕೆ ಕೆಂಪಗಿದ್ರೆ ರೋಹು, ಬೆಳ್ಳಗಿದ್ರೆ ಮೃಗಾಲ್ ಅಂತ ದಂಡೆ ಮ್ಯಾಲಿನ ಮಂದಿ ಹೇಳ್ತಾರ. ಮಳೆಗಾಲದ ರಾಡಿ ನೀರಿನ ಮೀನಿಗೆ ಆ ಲೆಕ್ಕ ಕೂಡೋದಿಲ್ಲ. ಇವುಗಳ ಜೋಡಿ ಕಪ್ಪಂದೊಂದು ಬರ್ತದ, ಮೀಸಿ ಇರ್ತಾವ. ಒಬ್ರು ಸಿಪ್ರನಸ್ ಅಂತಾರ, ಇನ್ನೊಬ್ರು ಕಾನಸ್ ಅಂತಾರ. ಮರಳದ (ಹಾವಿನಂಥ ತಲಿ ಇರೋ ಮೀನು) ಮರಿಗಳೂ ಹಂಗ, ಯಾವುದು ದೊಡ್ಡದಾಗೋ ಜಾತಿ, ಯಾವುದು ಗೇಣುದ್ದಕ್ಕೇ ನಿಲ್ಲೋದು ತಿಳಿಯಂಗಿಲ್ಲ. ಮೀನು ಬಲೆಯೊಳಗ ಒದ್ದಾಡುವಾಗ ನೋಡಾಕ ಬರೋ ಗುರುತು ಬೇಕು. ಬಿಡಬೇಕಾದ್ದನ್ನ ಲಗೂನ ಬಿಡಬೇಕು.

ಬೆಂಡುಗಾಳ, ಪುಣೆ

ಸರ್, ಮೊದಲು ಬಣ್ಣ ನೋಡುವುದನ್ನು ಬಿಡಿ. ರಾಡಿ ನೀರಿನಲ್ಲಿ ರೋಹು ಬಿಳಿಚಿಕೊಳ್ಳುತ್ತದೆ, ಸಂತಾನದ ಕಾಲದಲ್ಲಿ ಮೃಗಾಲ್‌ನ ಕೆಳಗಿನ ರೆಕ್ಕೆಗಳೂ ಕಿತ್ತಳೆಗೆ ತಿರುಗುತ್ತವೆ. ಬೆನ್ನಿನ ರೆಕ್ಕೆಯ ಕಡ್ಡಿ ಎಣಿಸಿಯೂ ಉಪಯೋಗವಿಲ್ಲ, ಎರಡರಲ್ಲೂ ಕವಲೊಡೆದ ಕಡ್ಡಿ ಹೆಚ್ಚುಕಡಿಮೆ 12–13. ಪಾರ್ಶ್ವರೇಖೆಯ (ಮೈಯ ಪಕ್ಕದಲ್ಲಿ ಉದ್ದಕ್ಕೂ ಹೋಗುವ ಗೆರೆ) ಮೇಲಿನ ಹುರುಪೆಯೂ ಎರಡಕ್ಕೂ 40ರಿಂದ 45ರ ಒಳಗೇ.

ನೋಡಬೇಕಾದದ್ದು ಬಾಯಿ. ಮೀನನ್ನು ಒದ್ದೆ ಬಲೆಯಲ್ಲೇ ಮಗ್ಗುಲಾಗಿ ಮಲಗಿಸಿ, ಒದ್ದೆ ಕೈಯ ಹೆಬ್ಬೆರಳಿನಿಂದ ಕೆಳತುಟಿಯನ್ನು ಮೆಲ್ಲಗೆ ಕೆಳಕ್ಕೆ ಸರಿಸಿ. ರೋಹುವಾದರೆ ತುಟಿ ದಪ್ಪ, ಅದರ ಅಂಚು ಸೀರೆಯ ಸೆರಗಿನ ಕುಚ್ಚಿನ ಹಾಗೆ ಸಣ್ಣಗೆ ಎಳೆಎಳೆಯಾಗಿರುತ್ತದೆ, ಒಳಗಡೆ ಇನ್ನೊಂದು ಮಡಿಕೆ ಸ್ಪಷ್ಟವಾಗಿ ಸಿಗುತ್ತದೆ. ಮೃಗಾಲ್‌ಗೆ ಹೇಳಿಕೊಳ್ಳುವಂಥ ಕೆಳತುಟಿಯೇ ಇಲ್ಲ. ದವಡೆಯ ಅಂಚು ತೆಳ್ಳಗೆ, ನುಣ್ಣಗೆ, ಬೋಳಾಗಿರುತ್ತದೆ. ಮೇಲ್ತುಟಿಯಲ್ಲೂ ಕುಚ್ಚಿಲ್ಲ, ಅದು ಕೆಳತುಟಿಗೆ ಕೂಡಿಕೊಳ್ಳುವುದೂ ಇಲ್ಲ. ಕೆಳಗಿನಿಂದ ನೋಡಿದರೆ ಬಾಯಿ ಅಗಲವಾಗಿ ಅಡ್ಡಕ್ಕೆ ಸೀಳಿದಂತೆ ಕಾಣುತ್ತದೆ. ಅರ್ಧ ಕಿಲೋ ಮೀನಿನಲ್ಲಿ ಈ ವ್ಯತ್ಯಾಸ ಬರಿಗಣ್ಣಿಗೆ ಸಾಕು. ಬೆರಳುದ್ದದ ಮರಿಗಳಲ್ಲಿ ಮಾತ್ರ ಕಷ್ಟ.

ಮೀಸೆ ನಂಬಿಕೊಂಡು ಹೋದರೆ ಎಡವುತ್ತೀರಿ. ರೋಹುವಿನ ಒಂದು ಜೋಡಿ ಮೀಸೆ ಬಾಯಿಯ ಬದಿಯ ಸೀಳಿನೊಳಗೆ ಅಡಗಿರುತ್ತದೆ, ಮೃಗಾಲ್‌ನ ಒಂದು ಜೋಡಿ ಮೂತಿಯ ಮೇಲೆ ಗಿಡ್ಡಗಿರುತ್ತದೆ. ಎರಡನ್ನೂ ನೋಡಿ “ಮೀಸೆಯೇ ಇಲ್ಲ” ಅನ್ನುವವರೇ ಜಾಸ್ತಿ. ನಿಜವಾಗಿ ಮೀಸೆ ಇಲ್ಲದ್ದು ಕಾಟ್ಲಾ. ಅದರ ದೊಡ್ಡ ತಲೆ, ಮೇಲಕ್ಕೆ ತೆರೆದ ಬಾಯಿ ದೂರದಿಂದಲೇ ಗೊತ್ತಾಗುತ್ತದೆ. ಕಾಟ್ಲಾ ಜೊತೆ ಸಿಲ್ವರ್ ಕಾರ್ಪ್ ಕಲಸಿಹೋಗುವುದುಂಟು. ಅದರ ಹುರುಪೆ ತೀರಾ ಸಣ್ಣ, ಪಕ್ಕದ ಗೆರೆಯ ಮೇಲೆ ನೂರು ದಾಟುತ್ತದೆ, ಕಣ್ಣು ತಲೆಯ ನಡುಮಟ್ಟಕ್ಕಿಂತ ಕೆಳಗಿರುತ್ತದೆ.

ಇನ್ನೊಂದು ತೊಡಕು: ಹ್ಯಾಚರಿಗಳಲ್ಲಿ ಕಾಟ್ಲಾ–ರೋಹು ಮಿಶ್ರತಳಿ ಆಗುತ್ತದೆ, ಮರಿ ಬಿಡುವಾಗ ಅದೂ ಜಲಾಶಯಕ್ಕೆ ಸೇರಬಹುದು. ತಲೆ ರೋಹುವಿಗಿಂತ ದೊಡ್ಡದು, ಕಾಟ್ಲಾಗಿಂತ ಚಿಕ್ಕದು, ತುಟಿಯಲ್ಲಿ ಅರೆಬರೆ ಕುಚ್ಚು. ಅಂಥದ್ದಕ್ಕೆ ಒಂದೇ ಹೆಸರು ಕೊಡಲೇಬೇಕೆಂದು ಹಟ ಹಿಡಿಯಬೇಡಿ.

ಪೊವಾಯಿ ದಂಡೆ, ಮುಂಬೈ

ಮೇಲಿನವರು ಹೇಳಿದ ಬಾಯಿಯ ಗುರುತು ಸರಿ. ನಿಮ್ಮ ಆ ಕಪ್ಪು ಮೀನಿಗೆ ಮಾತ್ರ ಮೊದಲು ಬೆನ್ನಿನ ರೆಕ್ಕೆಯನ್ನು ಮುಟ್ಟಿ ನೋಡಿ. ಸಿಪ್ರನಸ್, ಅಂದರೆ ಸಾಮಾನ್ಯ ಗೆಂಡೆಯ ಬೆನ್ನಿನ ರೆಕ್ಕೆ ಉದ್ದ. ಅದರ ಮುಂದಿನ ಗಟ್ಟಿ ಮುಳ್ಳಿನ ಹಿಂಬದಿಯಲ್ಲಿ ಗರಗಸದ ಹಲ್ಲುಗಳಿವೆ, ಗುದದ ರೆಕ್ಕೆಯ ಮುಳ್ಳಿನಲ್ಲೂ ಇವೆ. ಬೆರಳನ್ನು ಮುಳ್ಳಿನ ಹಿಂದಿನಿಂದ ಆಡಿಸಿದರೆ ಕರಕರ ತಾಗುತ್ತದೆ (ಜೋರಾಗಿ ಅಲ್ಲ, ಚರ್ಮ ಕಿತ್ತುಬರುತ್ತದೆ). ನೈಲಾನ್ ಬಲೆಗೆ ಸಿಕ್ಕಿಕೊಂಡು ಬಿಡಿಸಲು ಬಾರದೆ ಸತಾಯಿಸುವುದೂ ಈ ಮುಳ್ಳೇ. ಆ ಗರಗಸ ಇಲ್ಲದೆ, ಎರಡು ಜೋಡಿ ಮೀಸೆ ಇದ್ದು, ಮೈ ಬೂದುಗಪ್ಪಾಗಿದ್ದು, ತುಟಿಯಲ್ಲಿ ಕುಚ್ಚಿದ್ದರೆ ಅದು ಕಾಲ್ಬಸು, ನಿಮ್ಮವರು ಹೇಳುವ ಕಾನಸ್.

ಸಿಪ್ರನಸ್‌ನಲ್ಲೇ ಕನ್ನಡಿ ಗೆಂಡೆ ಅಂತ ಒಂದು ತಳಿ ಇದೆ, ಮೈಮೇಲೆ ಅಲ್ಲಲ್ಲಿ ನಾಲ್ಕಾರು ದೊಡ್ಡ ಹುರುಪೆ ಅಷ್ಟೇ. ಅದರಲ್ಲಿ ಹುರುಪೆ ಎಣಿಸುವ ಪ್ರಶ್ನೆಯೇ ಬರುವುದಿಲ್ಲ, ಗರಗಸದ ಮುಳ್ಳೊಂದೇ ಗತಿ.

ಪಶ್ಚಿಮಘಟ್ಟದ ಹೊಳೆ, ಜಲಾಶಯಗಳಲ್ಲಿ ಈ ಪರೀಕ್ಷೆ ಇನ್ನೊಂದು ಕಾರಣಕ್ಕೂ ಮುಖ್ಯ. ದಖ್ಖನ್ ಮಹಸೀರ್‌ನ ಮರಿಗೂ ಎರಡು ಜೋಡಿ ಮೀಸೆ, ಮೈ ಬಂಗಾರದ ಛಾಯೆ. ಸಿಪ್ರನಸ್ ಅಂತ ಚೀಲಕ್ಕೆ ಹಾಕಿಬಿಡುತ್ತಾರೆ. ಮಹಸೀರ್‌ನ ಬೆನ್ನಿನ ಮುಳ್ಳು ಗಟ್ಟಿಯೇ, ಆದರೆ ನುಣುಪು, ಹಲ್ಲಿಲ್ಲ, ರೆಕ್ಕೆಯೂ ಗಿಡ್ಡ. ಹುರುಪೆ ಬಹಳ ದೊಡ್ಡದು: ಕಿವಿರಿನ ಅಂಚಿನಿಂದ ಬಾಲದ ಬುಡದವರೆಗೆ 25ರ ಆಸುಪಾಸು, ಸಿಪ್ರನಸ್‌ನಲ್ಲಿ 35ಕ್ಕೂ ಮೇಲೆ. ಗ್ರಾಸ್ ಕಾರ್ಪ್‌ಗೆ ಮೀಸೆಯೂ ಇಲ್ಲ, ಮುಳ್ಳೂ ಇಲ್ಲ, ಅಲ್ಲಿ ಗೊಂದಲ ಬೇಡ. ಲೋಣಾವಳಾದ ವಲವಣದಲ್ಲಿ ಟಾಟಾ ಪವರ್ ಕಂಪನಿಯವರು 1970ರ ದಶಕದಿಂದ ಮಹಸೀರ್ ಮರಿ ಮಾಡಿ ನೀರಿಗೆ ಬಿಡುತ್ತಾ ಬಂದಿದ್ದಾರೆ. ಪುಣೆ ಸುತ್ತ ಸಿಕ್ಕರೆ ವಾಪಸ್ ಬಿಡಿ.

ಅಂದಹಾಗೆ ನಮ್ಮ ಪೊವಾಯಿ ಕೆರೆಯಲ್ಲಿ ಮೊಸಳೆಗಳಿವೆ. ನೀರಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಹುರುಪೆ ಎಣಿಸುವ ಚಾಳಿ ಅಲ್ಲಿ ಬೇಡ.

ಕಪ್ಪೆಗಾಳ, ಚಿಂಚವಡ

ಮರಳಕ್ಕೆ (ಮುರಲ್ ಅನ್ನುವುದೂ ಇದನ್ನೇ) ಬರೋಣ. ಈ ಭಾಗದಲ್ಲಿ ಎದುರಾಗುವುದು ಮುಖ್ಯವಾಗಿ ಮೂರು. ದೊಡ್ಡದಾಗುವುದು ಹೂಮುರಲ್, ಮೀಟರ್ ದಾಟುತ್ತದೆ. ಸಾದಾ ಮುರಲ್ ಸಾಮಾನ್ಯವಾಗಿ ಅರ್ಧ ಮೀಟರ್ ಆಸುಪಾಸು. ಗೇಣುದ್ದಕ್ಕೆ ನಿಲ್ಲುವುದು ಘಟ್ಟದ ತೊರೆಗಳ ಕುಳ್ಳ ಮರಳ, ಸುಮಾರು 20 ಸೆಂ.ಮೀ. ಇದರ ಬೆನ್ನಿನ ಮತ್ತು ಬಾಲದ ರೆಕ್ಕೆ ನೀಲಿಛಾಯೆಯದು, ಅಂಚಿಗೆ ಕಿತ್ತಳೆ ಪಟ್ಟಿ. ಎದೆಯ ರೆಕ್ಕೆಯಲ್ಲಿ ಕಪ್ಪು ಅಡ್ಡಗೆರೆಗಳು. ದೊಡ್ಡ ಜಾತಿಯ ಮರಿಗಳಲ್ಲಿ ಈ ಅಂಚು ಇರುವುದಿಲ್ಲ.

ಹೂಮುರಲ್, ಸಾದಾ ಮುರಲ್ ಮರಿಗಳಲ್ಲಿ ಎಲ್ಲರೂ ಕಪ್ಪು ಚುಕ್ಕೆ ಹುಡುಕುತ್ತಾರೆ. ಎಡವಟ್ಟಾಗುವುದು ಅಲ್ಲೇ, ಏಕೆಂದರೆ ಚುಕ್ಕೆ ಎರಡರಲ್ಲೂ ಇರಬಹುದು. ಎಲ್ಲಿದೆ ಅನ್ನುವುದು ಮುಖ್ಯ. ಬಾಲದ ಬುಡದ ಮೇಲ್ಭಾಗದಲ್ಲಿ, ಸುತ್ತ ತಿಳಿಬಣ್ಣದ ಉಂಗುರವಿದ್ದರೆ ಹೂಮುರಲ್. ಬೆನ್ನಿನ ರೆಕ್ಕೆಯ ಹಿಂತುದಿಯಲ್ಲಿದ್ದರೆ ಸಾದಾ ಮುರಲ್‌ನ ಮರಿ, ಬೆಳೆದಂತೆ ಅದು ಮಾಯವಾಗುತ್ತದೆ. ದೊಡ್ಡ ಹೂಮುರಲ್‌ನಲ್ಲೂ ಬಾಲದ ಚುಕ್ಕೆ ಮಸುಕಾಗಬಹುದು. ಆಗ ಗುದದ ರೆಕ್ಕೆಯನ್ನು ಬಿಡಿಸಿ ಫೋಟೊ ತೆಗೆದು ಕಡ್ಡಿ ಎಣಿಸಿ. 28 ಅಥವಾ ಹೆಚ್ಚಿದ್ದರೆ ಹೂಮುರಲ್ ಕಡೆ ವಾಲುತ್ತದೆ, 23–27 ಇದ್ದರೆ ಸಾದಾ ಮುರಲ್. ಗಡಿಯಲ್ಲಿ ಬಂದರೆ ಬೆನ್ನಿನ ರೆಕ್ಕೆ ಎಣಿಸಿ, 45 ದಾಟಿದರೆ ಹೆಚ್ಚಾಗಿ ಹೂಮುರಲ್.

ಮಳೆ ಹಿಡಿದ ಮೇಲೆ ನೀರಿನ ಮೇಲ್ಮೈಯಲ್ಲಿ ಕೆಂಪು ಮರಿಗಳ ಗುಂಪು ಕುದಿಯುವಂತೆ ಕಂಡರೆ ಅಲ್ಲಿ ರಬ್ಬರ್ ಕಪ್ಪೆ (ಗಾಳದ ನಕಲಿ ಕಪ್ಪೆ) ಎಸೆಯಬೇಡಿ. ತಾಯಿ ತಂದೆ ಹೊಡೆಯುವುದು ಹಸಿವಿಗಲ್ಲ, ಮರಿ ಕಾಯಲಿಕ್ಕೆ. ಅವನ್ನು ಎತ್ತಿದರೆ ಆ ಗುಂಪು ಬೇರೆ ಮೀನುಗಳ ಪಾಲು.

ತೂಬಿನ ಬಾಯಿ, ಗೋವಾ

ಗೋವಾದ ಕಡೆ ಬಂದರೆ ಇನ್ನೊಂದು ಜೋಡಿ ಸೇರಿಸಿಕೊಳ್ಳಿ ಮಾರಾಯ್ರೆ. ಖಾಜನ್ ಗದ್ದೆಯ (ಕರಾವಳಿಯ ಉಪ್ಪುನೀರಿನ ಗದ್ದೆ) ತೂಬುಗಳ ಹತ್ತಿರ ಜಿಲೇಬಿ (ತಿಲಾಪಿಯಾ, ನಿಮ್ಮ ಪುಣೆಯ ಚಿಲಾಪಿ), ಕಾಳುಂದರ್ (ಪರ್ಲ್ ಸ್ಪಾಟ್) ಎರಡೂ ಒಂದೇ ಗಾಳಕ್ಕೆ ಬರುತ್ತವೆ. ಚಿಕ್ಕವು ಎರಡೂ ದುಂಡಗೆ, ಬೂದು ಬಣ್ಣ. ತಿರುಗಿಸಿ ಗುದದ ರೆಕ್ಕೆಯ ಮುಳ್ಳು ನೋಡಿ: ಜಿಲೇಬಿಗೆ 3, ಕಾಳುಂದರ್‌ಗೆ 12–13. ಎಣಿಸುವುದೂ ಬೇಡ, ಕಂಡಕೂಡಲೇ ಗೊತ್ತಾಗುತ್ತದೆ. ಜಿಲೇಬಿಯಲ್ಲಿ ಬಾಲದ ತುಂಬಾ ಕ್ರಮವಾಗಿ ಲಂಬಗೆರೆಗಳಿದ್ದರೆ ನೈಲ್ ಜಾತಿ, ಇಲ್ಲದಿದ್ದರೆ ಮೊಜಾಂಬಿಕ್. ಇವೆರಡೂ ಬೆರೆತು ಮರಿ ಮಾಡುತ್ತವೆ, ಹಾಗಾಗಿ ಅರ್ಧಂಬರ್ಧ ಗೆರೆಯ ಮೀನಿಗೆ ಪಂಚಾಯಿತಿ ಮಾಡಿ ಫಲವಿಲ್ಲ.

ಭೀಮಾತೀರ, ಪಿಂಪ್ರಿ

ಭಾಳ ಉಪಕಾರ ಆತ್ರಿ ಎಲ್ಲಾರಿಗೂ. ಬೆನ್ನಿನ ಮುಳ್ಳು ಮುಟ್ಟಿ ನೋಡೋದು ಯಾರೂ ಹೇಳಿರ್ಲಿಲ್ಲ. ಕಪ್ಪು ಮೀನಿಂದು ಮಗ್ಗುಲಿನ ಫೋಟೊ ಒಂದು ಹಾಕೀನಿ, ಗರಗಸ ಇಲ್ಲ. ಹುರುಪಿ ಮ್ಯಾಲೆ ಅಲ್ಲಲ್ಲಿ ಕೆಂಪು ಚುಕ್ಕಿ ಅದಾವ. ಕಾನಸ್ ಅಂತ ಬರ್ಕೋಬಹುದೇನ್ರಿ?

ಬೆಂಡುಗಾಳ, ಪುಣೆ

ಈ ಒಂದು ಫೋಟೊದಲ್ಲಿ ಬರೆದುಕೊಳ್ಳಬೇಡಿ ಸರ್. ಕೆಂಪು ಚುಕ್ಕೆ ಕಾಲ್ಬಸುವಿನಲ್ಲೂ ಇರುತ್ತದೆ, ಅದೇ ಬಳಗದ ಕೆಂಮೀನಿನಲ್ಲೂ ಇರುತ್ತದೆ. ಕೆಂಮೀನಿನ ಎರಡು ಜೋಡಿ ಮೀಸೆ ಗಿಡ್ಡ, ಬೆನ್ನಿನ ರೆಕ್ಕೆಯಲ್ಲಿ ಕವಲೊಡೆದ ಕಡ್ಡಿ 15–18, ಪಕ್ಕದ ಗೆರೆಯ ಹುರುಪೆ 44–47. ಕಾಲ್ಬಸುವಿಗೆ ಕಡ್ಡಿ 13–16, ಹುರುಪೆ 40–44, ಮೀಸೆ ಎದ್ದು ಕಾಣುತ್ತದೆ. ನಿಮ್ಮ ಫೋಟೊದಲ್ಲಿ ರೆಕ್ಕೆ ಮಡಚಿದೆ, ಬಾಯಿ ನೆರಳಿನಲ್ಲಿದೆ.

ಮುಂದಿನ ಸಲ ಒದ್ದೆ ಚಾಪೆಯ ಮೇಲೆ ಮೂರು ಫೋಟೊ ತೆಗೆಯಿರಿ: ತಲೆ ಎಡಕ್ಕಿರುವಂತೆ ಪೂರ್ತಿ ಮಗ್ಗುಲು, ಬೆನ್ನಿನ ರೆಕ್ಕೆ ಎತ್ತಿ ಹಿಡಿದು ಹತ್ತಿರದಿಂದ, ಬಾಯಿಯನ್ನು ಕೆಳಗಿನಿಂದ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಫ್ಲ್ಯಾಶ್ ಬೇಡ, ಹುರುಪೆ ಹೊಳೆದು ಪಕ್ಕದ ಗೆರೆ ಅಳಿಸಿಹೋಗುತ್ತದೆ. ಎಣಿಸುವ ಕೆಲಸ ಮನೆಗೆ ಹೋಗಿ ಪರದೆಯ ಮೇಲೆ ದೊಡ್ಡದು ಮಾಡಿಕೊಂಡು ಮಾಡಿ, ಮೀನು ಅಷ್ಟೊತ್ತಿಗೆ ನೀರಿನಲ್ಲಿರಲಿ.