ರೂಬಾರ್ಬ್ ಕ್ರಿಸ್ಪ್ ಪಾಯಸದಂತಾಯಿತು, ಎಲ್ಲಿ ತಪ್ಪಿದೆ?

ಮ್ಯಾಡಿಸನ್_ಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ಗೆ ಬಂದು ಇದು ಎರಡನೇ ಬೇಸಿಗೆ. ಹೋದ ವಾರ ಪಕ್ಕದ ಮನೆಯ ಅಜ್ಜಿ ತಮ್ಮ ಹಿತ್ತಲಿಂದ ಒಂದು ತೋಳು ತುಂಬ ರೂಬಾರ್ಬ್ ಅನ್ನುವ ಹುಳಿ ಗಿಡದ ದಂಟು ತಂದುಕೊಟ್ಟರು, ಎಲೆ ಸಮೇತ. ಕ್ರಿಸ್ಪ್ (ಮೇಲೆ ಓಟ್ಸ್ ಪದರ ಹರಡಿ ಓವನ್‌ನಲ್ಲಿ ಬೇಯಿಸುವ ಸಿಹಿ) ಮಾಡು, ಮೊಟ್ಟೆ ಬೇಡ, ಸುಲಭ ಅಂದರು. ಸಾಗರದಿಂದ ಬಂದಿರುವ ನನ್ನ ಅಮ್ಮ ಮೊಟ್ಟೆ ತಿನ್ನುವುದಿಲ್ಲ, ಅದಕ್ಕೇ ಖುಷಿಯಾಯಿತು.

ರಾತ್ರಿಯೇ ದಂಟು ಹೆಚ್ಚಿ ಸಕ್ಕರೆ ಬೆರೆಸಿ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ಓಟ್ಸ್, ಮೈದಾ, ಬ್ರೌನ್ ಶುಗರ್‌ಗೆ ಕರಗಿಸಿದ ಬೆಣ್ಣೆ ಹಾಕಿ ಕಲಸಿ ಮೇಲೆ ಹರಡಿದೆ. 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 30 ನಿಮಿಷ. ಮೇಲೆ ಚೆನ್ನಾಗಿ ಕೆಂಪಾಗಿತ್ತು, ಹೊರಗೆ ತೆಗೆದೆ. ಆರಬಾರದು ಅಂತ ಫಾಯಿಲ್ ಮುಚ್ಚಿಟ್ಟೆ. ಊಟ ಮುಗಿಸಿ ಬಡಿಸಲು ಹೋದರೆ ಕೆಳಗೆ ಹುಳಿ ನೀರು, ಮೇಲೆ ಮೆತ್ತಗಿನ ಮುದ್ದೆ. ಅರ್ಧ ಓಟ್ಸ್ ನೀರಿನಲ್ಲಿ ಮುಳುಗಿತ್ತು. ಅಮ್ಮ ಒಂದು ಮಾತೂ ಆಡದೆ ತಿಂದರು. ನನಗೆ ತುಂಬ ಬೇಜಾರಾಯಿತು.

ಇನ್ನೂ ಅರ್ಧ ದಂಟು ಉಳಿದಿದೆ. ಭಾನುವಾರ ಅದೇ ಅಜ್ಜಿಯನ್ನು ಊಟಕ್ಕೆ ಕರೆದಿದ್ದೇವೆ. ಅವರದೇ ರೂಬಾರ್ಬ್‌ನಲ್ಲಿ ಅವರಿಗೆ ಒಳ್ಳೆಯ ಕ್ರಿಸ್ಪ್ ಮಾಡಿ ಬಡಿಸಬೇಕು ಅಂತ ಆಸೆ. ಇನ್ನೊಂದು ಪ್ರಶ್ನೆ: ಎಲೆ ಕೆಸುವಿನ ಎಲೆಯಷ್ಟು ಅಗಲ ಇದೆ. ಪತ್ರೊಡೆ ಮಾಡಬಹುದಾ ಅಂತ ಅಮ್ಮ ಕೇಳುತ್ತಿದ್ದಾರೆ.

ಲೀಡ್ಸ್_ಕನ್ನಡಿಗ:

ಮೊದಲು ಎಲೆಯನ್ನು ಕಸಕ್ಕೆ ಹಾಕಿ. ದಯವಿಟ್ಟು ಈಗಲೇ ಎದ್ದು ಹಾಕಿ ಬನ್ನಿ. ಮೊದಲ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಬ್ರಿಟನ್ನಿನಲ್ಲಿ ತರಕಾರಿಗೆ ಬದಲು ರೂಬಾರ್ಬ್ ಎಲೆ ತಿನ್ನಿ ಅಂತ ಜನರಿಗೆ ಸಲಹೆ ಕೊಟ್ಟಿದ್ದರು. ತಿಂದವರು ಕಾಯಿಲೆ ಬಿದ್ದರು, ಸತ್ತವರೂ ಇದ್ದಾರೆ. ಉಳಿದದ್ದನ್ನು ಗೊತ್ತಿರುವವರು ಹೇಳುತ್ತಾರೆ. ನಾನು ಇಲ್ಲಿ ತಿನ್ನುವುದು ಕ್ರಿಸ್ಪ್‌ನಂಥದೇ ಕ್ರಂಬಲ್, ಅದೂ ಬಿಸಿ ಕಸ್ಟರ್ಡ್ ಸುರಿದುಕೊಂಡು.

ಹಿತ್ತಲಗಿಡ_ಮಿನಿಯಾಪೊಲಿಸ್:

ಮ್ಯಾಡಿಸನ್ ಅವರೇ, ಬೇಜಾರು ಮಾಡಿಕೊಳ್ಳಬೇಡಿ. ನಾನು 14 ವರ್ಷದಿಂದ ಮಿನ್ನೆಸೋಟದಲ್ಲಿದ್ದೇನೆ. ಹಿತ್ತಲಲ್ಲಿ ಮೂರು ಬುಡ ರೂಬಾರ್ಬ್ ಇದೆ. ಮೇ ತಿಂಗಳು ಬಂತೆಂದರೆ ನಮ್ಮ ಮನೆಯಲ್ಲಿ ವಾರಕ್ಕೊಂದು ಕ್ರಿಸ್ಪ್ ಆಗುತ್ತದೆ. ನಿಮ್ಮ ಕಥೆ ಓದುತ್ತಿದ್ದಂತೆ ಏನಾಯಿತು ಅಂತ ಗೊತ್ತಾಯಿತು.

ಎಲೆಯ ವಿಷಯ ಮೊದಲು, ಯಾಕೆಂದರೆ ಅಮ್ಮನ ಯೋಚನೆ ಸಹಜವಾದದ್ದೇ. ಕೆಸುವಿನ ತುರಿಕೆ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ಹೋಗುತ್ತದೆ. ಇದು ಹಾಗಲ್ಲ. ರೂಬಾರ್ಬ್ ಎಲೆಯಲ್ಲಿ ಆಕ್ಸಾಲಿಕ್ ಆಮ್ಲ ತುಂಬ ಜಾಸ್ತಿ. ಬೇಯಿಸಿದರೂ ಹೋಗುವುದಿಲ್ಲ, ಹುಣಸೆಹುಳಿಗೂ ಬಗ್ಗುವುದಿಲ್ಲ. ದಂಟಿನಲ್ಲಿ ಕಡಿಮೆ ಇರುತ್ತದೆ, ಅದಕ್ಕೇ ತಿನ್ನಬಹುದು. ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದರೆ ದಂಟನ್ನೂ ಕಡಿಮೆ ತಿನ್ನಲಿ. ನಿಮ್ಮ ಕಡೆ ಬಿಂಬುಳಿ ಇದೆಯಲ್ಲ, ಅದರಲ್ಲೂ ಇದೇ ಆಮ್ಲ ಹೆಚ್ಚು. ಅಮ್ಮನಿಗೆ ದಂಟಿನ ಒಂದು ಹಸಿ ಚೂರು ಉಪ್ಪು ಹಚ್ಚಿ ಕೊಟ್ಟುನೋಡಿ, ಬಿಂಬುಳಿಯ ನೆನಪು ಬಂದೇ ಬರುತ್ತದೆ.

ಈಗ ಕ್ರಿಸ್ಪ್. ರೂಬಾರ್ಬ್ ಅಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಈ ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಸಾಕು, ನಿಮ್ಮದು ಕೆಟ್ಟಿದ್ದು ಅಲ್ಲೇ. ಸಕ್ಕರೆ ಹಾಕಿ ರಾತ್ರಿಯಿಡೀ ಇಟ್ಟರೆ ದಂಟು ಒಳಗಿನ ನೀರನ್ನೆಲ್ಲ ಬಿಡುತ್ತದೆ. ಉಪ್ಪು ಹಾಕಿದ ಸೌತೆಕಾಯಿ ಬಿಡುವ ಹಾಗೆ. ನೀವು ಆ ನೀರನ್ನೂ ಹಾಗೇ ಪಾತ್ರೆಗೆ ಸುರಿದಿರಿ ಅಂತ ಕಾಣುತ್ತದೆ. ಅದನ್ನು ಹಿಡಿದಿಡಲು ಅಲ್ಲಿ ಏನೂ ಇರಲಿಲ್ಲ.

ಹಿಡಿದಿಡುವುದು ಕಾರ್ನ್‌ಸ್ಟಾರ್ಚ್, ಅಂದರೆ ಮೆಕ್ಕೆಜೋಳದ ಗಂಜಿಪುಡಿ. 8 ಇಂಚು ಚದರದ ಗಾಜಿನ ಪಾತ್ರೆಗೆ ನನ್ನ ಅಳತೆ ಹೀಗೆ: ಅರ್ಧ ಇಂಚಿಗೆ ಹೆಚ್ಚಿದ ದಂಟು 5 ಕಪ್, ತೂಕದಲ್ಲಿ ಸುಮಾರು 600 ಗ್ರಾಂ. ಸಕ್ಕರೆ ಮುಕ್ಕಾಲು ಕಪ್. ಕಾರ್ನ್‌ಸ್ಟಾರ್ಚ್ 2 ದೊಡ್ಡ ಚಮಚ. ಎರಡು ಬೆರಳಲ್ಲಿ ಹಿಡಿಯುವಷ್ಟು ಉಪ್ಪು, ಒಂದಿಷ್ಟು ತುರಿದ ಶುಂಠಿ. ಶುಂಠಿ ಬಿಡಬೇಡಿ, ರೂಬಾರ್ಬ್‌ಗೂ ಅದಕ್ಕೂ ತುಂಬ ಚೆನ್ನಾಗಿ ಹೊಂದುತ್ತದೆ. ಇದನ್ನೆಲ್ಲ ಓವನ್ ಬಿಸಿಯಾದ ಮೇಲೆಯೇ ಬೆರೆಸಿ. ಬೆರೆಸಿದ ತಕ್ಷಣ ಒಳಗಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಅದು ರುಚಿ ಕೆಡಿಸುತ್ತದೆ.

ಮೇಲಿನ ಪದರಕ್ಕೆ ಮುಕ್ಕಾಲು ಕಪ್ ಮೈದಾ, ಮುಕ್ಕಾಲು ಕಪ್ ಓಟ್ಸ್, ಅರ್ಧ ಕಪ್ ಬ್ರೌನ್ ಶುಗರ್, ಚಿಟಿಕೆ ಉಪ್ಪು, ಅರ್ಧ ಚಮಚ ದಾಲ್ಚಿನ್ನಿ ಪುಡಿ. ಓಟ್ಸ್ ದಪ್ಪ ಅವಲಕ್ಕಿಯಂತೆ ಇರಬೇಕು, ಪ್ಯಾಕೆಟ್ ಮೇಲೆ ರೋಲ್ಡ್ ಅಂತ ಇರುತ್ತದೆ. ಬಿಸಿ ನೀರಿಗೆ ಹಾಕಿ ಕಲಸುವ ಇನ್‌ಸ್ಟಂಟ್ ಓಟ್ಸ್ ಆದರೆ ಮೆತ್ತಗಾಗುತ್ತದೆ. ಬೆಣ್ಣೆ ಒಂದು ಸ್ಟಿಕ್, 113 ಗ್ರಾಂ. ಫ್ರಿಜ್‌ನಿಂದ ತೆಗೆದ ಗಟ್ಟಿ ಬೆಣ್ಣೆಯನ್ನು ಚಿಕ್ಕದಾಗಿ ಕತ್ತರಿಸಿ, ಬೆರಳ ತುದಿಯಲ್ಲಿ ಹಿಟ್ಟಿಗೆ ಉಜ್ಜಬೇಕು. ಚಕ್ಕುಲಿ ಹಿಟ್ಟಿಗೆ ಬೆಣ್ಣೆ ಉಜ್ಜುತ್ತೀರಲ್ಲ, ಹಾಗೆ. ಆದರೆ ಪೂರ್ತಿ ಪುಡಿಯಾಗಬಾರದು, ಅಲ್ಲಲ್ಲಿ ಕಡಲೆಕಾಳಿನಷ್ಟು ಉಂಡೆ ಉಳಿಯಬೇಕು. ಆ ಉಂಡೆಗಳೇ ಮುಂದೆ ಗರಿಗರಿಯಾಗುವುದು. ಕರಗಿಸಿದ ಬೆಣ್ಣೆಯಲ್ಲೂ ಮಾಡುವವರಿದ್ದಾರೆ, ತಪ್ಪೇನಿಲ್ಲ. ನನಗೆ ಉಜ್ಜಿದ್ದೇ ಇಷ್ಟ.

ಅಮ್ಮ ಬೆಣ್ಣೆಗಿಂತ ತುಪ್ಪ ಇಷ್ಟಪಡುವವರಾದರೆ ತುಪ್ಪದಲ್ಲೂ ಆಗುತ್ತದೆ. ಇಲ್ಲಿನ ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ 80ರಷ್ಟು, ಉಳಿದದ್ದು ಹೆಚ್ಚಾಗಿ ನೀರು. ತುಪ್ಪದಲ್ಲಿ ನೀರಿಲ್ಲ. ಹಾಗಾಗಿ 90 ಗ್ರಾಂ ಹಾಕಿದರೆ ಸಾಕು. ಗಟ್ಟಿ ತುಪ್ಪವನ್ನೇ ಹಾಕಿ, ಕಾಯಿಸಬೇಡಿ. ನನ್ನ ಅತ್ತೆ ಬಂದಿದ್ದಾಗ ಹೀಗೆ ಮಾಡಿದ್ದೆ. ಓವನ್ ತೆರೆದಾಗ ಮನೆಯೆಲ್ಲ ಬೇಸನ್ ಲಾಡಿನ ಘಮ.

ಈಗ ಮುಖ್ಯವಾದ ಮಾತು. ಮೇಲೆ ಕೆಂಪಾಯಿತು ಅಂತ ತೆಗೆಯಬೇಡಿ. ಕಾರ್ನ್‌ಸ್ಟಾರ್ಚ್ ಗಟ್ಟಿಯಾಗಬೇಕಾದರೆ ರಸ ಕುದಿಯುವ ಹಂತಕ್ಕೆ ಬರಬೇಕು. ಅಂಚಿನಲ್ಲಿ ಬೇಗ ಕುದಿ ಬರುತ್ತದೆ, ನಡುವೆ ತಡ. 375 ಡಿಗ್ರಿಯಲ್ಲಿಡಿ, ಸೆಲ್ಸಿಯಸ್‌ನಲ್ಲಿ 190. ಸುಮಾರು 45 ನಿಮಿಷ. ಗಾಜಿನ ಪಾತ್ರೆಯಲ್ಲಿ ಪಕ್ಕದಿಂದ ಕಾಣುತ್ತದೆ. ಮೊದಲು ಗುಳ್ಳೆ ಸಣ್ಣಗೆ, ಬೇಗಬೇಗ ಏಳುತ್ತದೆ. ಆಮೇಲೆ ದೊಡ್ಡದಾಗಿ, ನಿಧಾನವಾಗಿ, ಬೆಲ್ಲದ ಪಾಕ ಕುದಿಯುವ ಹಾಗೆ ಗುಳುಗುಳು ಅನ್ನುತ್ತದೆ. ನಡುವೆಯೂ ಹಾಗೆ ಕುದಿಯುವುದು ಕಂಡ ಮೇಲೆ ಐದು ನಿಮಿಷ ಬಿಟ್ಟು ತೆಗೆಯಿರಿ. ಅಷ್ಟರೊಳಗೆ ಮೇಲೆ ಜಾಸ್ತಿ ಕಪ್ಪಾಗುತ್ತಿದೆ ಅನಿಸಿದರೆ ಓವನ್ ಒಳಗೆ ಕೆಳಗಿನ ಅಂತಸ್ತಿಗೆ ಇಳಿಸಿ.

ತೆಗೆದ ಮೇಲೆ ಫಾಯಿಲ್ ಬೇಡವೇ ಬೇಡ. ಆವಿ ತಿರುಗಿ ಮೇಲೇ ಬೀಳುತ್ತದೆ, ಬಿಸಿ ದೋಸೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟ ಹಾಗಾಗುತ್ತದೆ. ಮುಚ್ಚದೆ ಮುಕ್ಕಾಲು ಗಂಟೆ ಬಿಡಿ. ರಸ ಆರುತ್ತಾ ಗಟ್ಟಿಯಾಗುತ್ತದೆ. ಆಮೇಲೆ ವೆನಿಲಾ ಐಸ್‌ಕ್ರೀಂ ಜೊತೆ ಬಡಿಸಿ.

ಹುಳಿಪ್ರಿಯೆ:

ಒಂದು ಮಾತು ಸೇರಿಸುತ್ತೇನೆ. ದಂಟು ಹಸಿರಾಗಿದ್ದರೆ ಬಲಿತಿಲ್ಲ ಅಂತ ಎಸೆಯಬೇಡಿ. ಕೆಲವು ತಳಿಗಳು ಬಲಿತರೂ ಹಸಿರಾಗಿಯೇ ಇರುತ್ತವೆ, ರುಚಿಯಲ್ಲಿ ಏನೂ ಕಮ್ಮಿಯಿಲ್ಲ. ನಾನು ಅರ್ಧ ರೂಬಾರ್ಬ್, ಅರ್ಧ ಸ್ಟ್ರಾಬೆರಿ ಹಾಕುತ್ತೇನೆ. ಬಣ್ಣ ಚೆನ್ನಾಗಿ ಬರುತ್ತದೆ, ಸಕ್ಕರೆಯೂ ಕಡಿಮೆ ಸಾಕು. ಉಳಿದ ದಂಟಲ್ಲಿ ಗೊಜ್ಜು ಮಾಡಿ. ಬೆಲ್ಲ, ಸಾಸಿವೆ, ಒಣಮೆಣಸು ಹಾಕಿದರೆ ಹುಣಸೆಹಣ್ಣೇ ಬೇಡ.

ಮ್ಯಾಡಿಸನ್_ಮನೆ:

ಭಾನುವಾರದ ವರದಿ. ಎಲೆ ಅವತ್ತೇ ಕಸಕ್ಕೆ ಹೋಯಿತು. ಅಮ್ಮ ಹಸಿ ಚೂರು ಬಾಯಿಗಿಟ್ಟ ಕೂಡಲೇ "ಬಿಂಬುಳಿಯೇ!" ಅಂದರು.

ಕ್ರಿಸ್ಪ್ ತುಪ್ಪದಲ್ಲೇ ಮಾಡಿದೆ. 45 ನಿಮಿಷಕ್ಕೆ ಅಂಚಷ್ಟೇ ಕುದಿಯುತ್ತಿತ್ತು, ನಡುವೆ ಇಲ್ಲ. ಮೊದಲಾಗಿದ್ದರೆ ತೆಗೆದೇಬಿಡುತ್ತಿದ್ದೆ. ಅಮ್ಮ ಓವನ್ ಎದುರು ಕುರ್ಚಿ ಹಾಕಿಕೊಂಡು ಕೂತು ಗಾಜಿನಲ್ಲಿ ನೋಡುತ್ತಿದ್ದರು. 52ನೇ ನಿಮಿಷಕ್ಕೆ "ಈಗ ಪಾಕ ಬಂತು ನೋಡು" ಅಂತ ಕರೆದರು. ಬಡಿಸಿದಾಗ ಚಮಚದಲ್ಲಿ ನಿಂತಿತು, ಕೆಳಗೆ ಒಂದು ಹನಿ ನೀರಿಲ್ಲ. ಅಜ್ಜಿ ಎರಡು ಸಲ ಹಾಕಿಸಿಕೊಂಡರು. ಇದರಲ್ಲಿ ಏನು ಹಾಕಿದ್ದೀಯ, ಘಮ ಬೇರೆ ಥರ ಇದೆಯಲ್ಲ ಅಂತ ಕೇಳಿದರು. ಅಮ್ಮ ತುಪ್ಪದ ಬಾಟಲಿಯನ್ನೇ ತಂದು ತೋರಿಸಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಆದರೂ ಅಡುಗೆಮನೆಯಲ್ಲಿ ಅರ್ಧ ಗಂಟೆ ಮಾತಾಡಿದರು.

ಬರುವ ವರ್ಷಕ್ಕೆ ಒಂದು ಬುಡ ಕೊಡುತ್ತೇನೆ ಅಂದಿದ್ದಾರೆ. ಯಾವಾಗ ನೆಡಬೇಕು?

ಹಿತ್ತಲಗಿಡ_ಮಿನಿಯಾಪೊಲಿಸ್:

ಓದಿ ತುಂಬ ಖುಷಿಯಾಯಿತು! ಚಳಿ ಬಿಡುತ್ತಿದ್ದಂತೆ, ಚಿಗುರು ಏಳುವ ಮೊದಲೇ ನೆಡಿ. ಬಿಸಿಲು ಚೆನ್ನಾಗಿ ಬೀಳುವ ಜಾಗ, ನೀರು ನಿಲ್ಲಬಾರದು. ಸಗಣಿ ಗೊಬ್ಬರ ಧಾರಾಳವಾಗಿ ಹಾಕಿ. ನೆಟ್ಟ ಮೊದಲ ವರ್ಷ ಒಂದು ದಂಟನ್ನೂ ಕೀಳಬೇಡಿ, ಬೇರು ಬಲಿಯಲಿ. ಆಮೇಲೂ ಒಂದೇ ಸಲ ಬೋಳು ಮಾಡಬೇಡಿ, ಅರ್ಧದಷ್ಟು ಬಿಟ್ಟಿರಬೇಕು. ಚಾಕು ಬೇಡ, ಬುಡದಲ್ಲಿ ಹಿಡಿದು ತಿರುಚಿ ಎಳೆದರೆ ಸಲೀಸಾಗಿ ಬರುತ್ತದೆ. ಮತ್ತೆ ಸಾಗರಕ್ಕೆ ಬೇರು ಕಳಿಸುವ ಯೋಚನೆ ಅಮ್ಮನಿಗೆ ಬಂದರೆ ಬೇಡ ಅನ್ನಿ. ಈ ಗಿಡಕ್ಕೆ ಚಳಿಗಾಲದ ನಿದ್ದೆ ಬೇಕು, ಮಲೆನಾಡಿನ ಚಳಿ ಅದಕ್ಕೆ ಸಾಲುವುದಿಲ್ಲ.